ಕೌಂಟರ್ ಮುಂದಿನ ಸಾಲಿಗೆ ಬ್ರೌಸರ್ ಟೋಕನ್: ಶಿರಸಿ, ಕಾರವಾರ ಕಡೆಯ ಸಂಘ-ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಸೊಸೈಟಿಗಳಲ್ಲಿ ಸಾಲು ನಿಲ್ಲುವುದು ಜನ ಅಲ್ಲ, ಪಾಸ್‌ಬುಕ್. ಬಂದವರು ಕೌಂಟರ್ ಮೇಲೆ ಪಾಸ್‌ಬುಕ್ ಇಟ್ಟು ಬೆಂಚಿನ ಮೇಲೆ ಕೂರುತ್ತಾರೆ. ನಂತರ ಬಂದವರು ಅದರ ಮೇಲೆ ತಮ್ಮದನ್ನು ಇಡುತ್ತಾರೆ. ಗುಮಾಸ್ತರು ಅವಸರದಲ್ಲಿ ಮೇಲಿನದನ್ನೇ ಎತ್ತಿಕೊಂಡರೆ ಕೊನೆಗೆ ಬಂದವರಿಗೆ ಮೊದಲ ಸರದಿ! ಕೆಳಗಿಂದ ಎಳೆಯುವ ಪದ್ಧತಿ ಇದ್ದರೆ, ಗೊತ್ತಿದ್ದವರು ಸುಮ್ನೆ ತಮ್ಮ ಪುಸ್ತಕವನ್ನು ಕೆಳಗೆ ತೂರಿಸುತ್ತಾರೆ. ಸಾದಾ ದಿನ ಇದೆಲ್ಲ ನಡೆಯುತ್ತದೆ. ಅಡಿಕೆ ಬೆಳೆ ವಿಮೆಗೆ ಕೊನೆಯ ದಿನ ಹತ್ತಿರ ಬಂತು ಅಂದರೆ ನಡೆಯುವುದಿಲ್ಲ.

ಆಗ ಯಾರಾದರೂ ‘ಟೋಕನ್ ಮಷಿನ್ ತರೋಣ’ ಅನ್ನುತ್ತಾರೆ. ಮಷಿನ್ ಬೇಕಾಗಿಲ್ಲ. ಒಂದು ಹಳೆ ಲ್ಯಾಪ್‌ಟಾಪ್, ಒಂದು ರೂಟರ್, ಒಂದು ಟಿವಿ, ಒಂದು ಚಿಕ್ಕ ಪ್ರಿಂಟರ್ ಇದ್ದರೆ ಬ್ರೌಸರ್‌ನಲ್ಲೇ ಓಡುವ ವ್ಯವಸ್ಥೆ ಮಾಡಬಹುದು. ಸಾಫ್ಟ್‌ವೇರ್ ಗೊತ್ತಿರುವ ಒಬ್ಬ ಹುಡುಗ ಅಥವಾ ಹುಡುಗಿ ಊರಲ್ಲಿ ಸಿಕ್ಕೇ ಸಿಗುತ್ತಾರೆ. ಈ ಬರಹ ಅವರಿಗೂ ಹೌದು, ಕೆಲಸ ಹೇಳುವ ಕಾರ್ಯದರ್ಶಿ ಅಥವಾ ಮ್ಯಾನೇಜರಿಗೂ ಹೌದು.

ಒಂದು ಮಾತು ಮೊದಲೇ ಹೇಳುತ್ತೇನೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರಿಗೆ ಹತ್ತು ನಿಮಿಷ ಕಡಿಮೆ ಕಾಯುವುದು ದೊಡ್ಡ ವಿಷಯ ಅಲ್ಲ. ತಮ್ಮ ಸರದಿ ಎಷ್ಟೊತ್ತಿಗೆ ಅಂತ ಗೊತ್ತಾಗುವುದು ದೊಡ್ಡ ವಿಷಯ. ಗೊತ್ತಾದರೆ ಪೇಟೆಗೆ ಹೋಗಿ ಔಷಧಿ ತರುತ್ತಾರೆ, ಚಾ ಕುಡಿಯುತ್ತಾರೆ, ಮಧ್ಯಾಹ್ನದ ಬಸ್ಸು ಸಿಗುತ್ತದೋ ಇಲ್ಲವೋ ಲೆಕ್ಕ ಹಾಕುತ್ತಾರೆ. ಮುಂದಿನ ಪ್ರತಿ ತೀರ್ಮಾನವನ್ನೂ ಇದನ್ನು ಇಟ್ಟುಕೊಂಡೇ ಮಾಡಿದ್ದೇನೆ.

ಹಂತ 1: ಮೊದಲು ಒಂದು ವಾರ ಎಣಿಸಿ

ಕಂಪ್ಯೂಟರ್ ಮುಟ್ಟಬೇಡಿ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಡಿ. ನಾಲ್ಕು ಅಂಕಣ ಸಾಕು: ಬಂದ ಸಮಯ, ಕೆಲಸ ಏನು, ಕೌಂಟರಿಗೆ ಹೋದ ಸಮಯ, ಮುಗಿದ ಸಮಯ. ಹೆಸರು ಬೇಡ. ಒಂದು ವಾರ ಬರೆದರೆ ಯಾವ ಗಂಟೆಯಲ್ಲಿ ಎಷ್ಟು ಜನ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಅಂತ ಕಾಣುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸಾಲಿನ ಗಣಿತ ಹೊಸದಲ್ಲ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಎಂಬವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದಾಗ 1909ರಲ್ಲೇ ಈ ಬಗ್ಗೆ ಬರೆದರು. ನಮಗೆ ಬೇಕಾದ್ದು ಎರಡೇ ವಿಷಯ.

ಮೊದಲನೆಯದು 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಸೂತ್ರ. ಕಾಯುತ್ತಿರುವ ಜನರ ಸರಾಸರಿ ಸಂಖ್ಯೆಯನ್ನು ಗಂಟೆಗೆ ಎಷ್ಟು ಜನರ ಸರದಿ ಬರುತ್ತದೆ ಅನ್ನುವುದರಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ಬೆಂಚಿನ ಮೇಲೆ 18 ಜನ, ಗಂಟೆಗೆ 24 ಜನರ ಕೆಲಸ ಆಗುತ್ತಿದೆ ಅಂದರೆ ಕಾಯುವುದು ಮುಕ್ಕಾಲು ಗಂಟೆ. ಇಷ್ಟು ಸರಳ.

ಎರಡನೆಯದು ಜನ ನಂಬುವುದಿಲ್ಲ, ಆದರೆ ಅದೇ ಜಾಸ್ತಿ ಮುಖ್ಯ. ಒಂದು ಕೌಂಟರ್ ಇದೆ, ಒಬ್ಬರಿಗೆ ಸರಾಸರಿ 5 ನಿಮಿಷ ಅನ್ನಿ. ಗಂಟೆಗೆ 12 ಜನರನ್ನು ಮುಗಿಸಬಹುದು. ಗಂಟೆಗೆ 10 ಜನ ಬಂದರೆ ‘ಇನ್ನೂ ಇಬ್ಬರಿಗೆ ಜಾಗ ಇದೆಯಲ್ಲ’ ಅನ್ನಿಸುತ್ತದೆ. ಆದರೆ ಜನ ತಮಗೆ ಬೇಕಾದ ಹೊತ್ತಿಗೆ ಬರುತ್ತಾರೆ, ಕೆಲಸವೂ ಒಬ್ಬರದ್ದು ಎರಡು ನಿಮಿಷ, ಇನ್ನೊಬ್ಬರದ್ದು ಹನ್ನೆರಡು. ಇಂಥ ಏರುಪೇರಿಗೆ ಬಳಸುವ ಸಾಮಾನ್ಯ ಸೂತ್ರದ ಪ್ರಕಾರ ಆಗಲೇ ಸರಾಸರಿ 25 ನಿಮಿಷ ಕಾಯಬೇಕು. ಗಂಟೆಗೆ ಒಬ್ಬರೇ ಒಬ್ಬರು ಜಾಸ್ತಿ, ಅಂದರೆ 11 ಜನ ಬಂದರೆ? 55 ನಿಮಿಷ. ಒಬ್ಬ ಮನುಷ್ಯ ಸೇರಿದ್ದಕ್ಕೆ ಎಲ್ಲರ ಕಾಯುವಿಕೆ ಎರಡು ಪಟ್ಟು ದಾಟಿತು. ‘ನಿನ್ನೆ ಇಷ್ಟು ರಶ್ ಇರಲಿಲ್ಲ, ಇವತ್ತು ಏನಾಯ್ತು’ ಎಂದು ಸಿಬ್ಬಂದಿ ತಲೆ ಕೆರೆದುಕೊಳ್ಳುವುದು ಇದೇ ಕಾರಣಕ್ಕೆ.

ಈಗ ಎರಡು ಕೌಂಟರ್ ನೋಡೋಣ. ಎರಡಕ್ಕೂ ಬೇರೆ ಬೇರೆ ಸಾಲು, ತಲಾ ಗಂಟೆಗೆ 10 ಜನ: ಕಾಯುವುದು ಅದೇ 25 ನಿಮಿಷ. ಅದೇ 20 ಜನ, ಅದೇ ಎರಡು ಕೌಂಟರ್, ಆದರೆ ಒಂದೇ ಸಾಲು ಮಾಡಿ ಯಾವ ಕೌಂಟರ್ ಖಾಲಿಯಾಗುತ್ತದೋ ಅಲ್ಲಿಗೆ ಕರೆದರೆ ಕಾಯುವುದು ಸುಮಾರು 11 ನಿಮಿಷಕ್ಕೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ, ಒಬ್ಬ ಸಿಬ್ಬಂದಿಯೂ ಜಾಸ್ತಿ ಇಲ್ಲ. ಟೋಕನ್ ವ್ಯವಸ್ಥೆಯಿಂದ ಸಿಗುವ ಲಾಭದ ಬಹುಪಾಲು ಇದೊಂದರಲ್ಲೇ ಇದೆ.

ಹಂತ 2: ನಿಯಮಗಳನ್ನು ಕಾಗದದ ಮೇಲೆ ಬರೆಯಿರಿ

ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ತೀರ್ಮಾನ ಮಾಡಬೇಕಾದ ಹಂತ ಇದು. ಇಲ್ಲಿ ಬಿಟ್ಟದ್ದು ಮುಂದೆ ಕೌಂಟರ್ ಎದುರು ಜಗಳವಾಗಿ ಬರುತ್ತದೆ.

ವಿಭಾಗ ಎಷ್ಟು? ಮೂರು, ಹೆಚ್ಚೆಂದರೆ ನಾಲ್ಕು. ಹಣ ಕಟ್ಟುವುದು-ತೆಗೆಯುವುದು, ಸಾಲ, ಬೆಳೆ ವಿಮೆ, ಇತರೆ. ಒಂದು ಕಚೇರಿಯಲ್ಲಿ ಹನ್ನೊಂದು ವಿಭಾಗದ ಪರದೆ ನೋಡಿದ್ದೇನೆ. ಅದರ ಮುಂದೆ ‘ಯಾವುದು ಒತ್ತಲಿ’ ಎಂದು ಕೇಳುವವರದ್ದೇ ಇನ್ನೊಂದು ಸಾಲು ಇತ್ತು.

ಪ್ರತಿ ವಿಭಾಗಕ್ಕೆ ಒಂದು ಅಕ್ಷರ ಕೊಡಿ. ಮೈಕಿನಲ್ಲಿ ಕೇಳುವಾಗ ಒಂದಕ್ಕೊಂದು ಬೆರೆಯದ ಅಕ್ಷರ ಇರಲಿ. ‘ಬ’ ಮತ್ತು ‘ಭ’, ‘ದ’ ಮತ್ತು ‘ಡ’ ಜೊತೆಗೆ ಇಡಬೇಡಿ. ಕ, ಮ, ರ, ಸ ಚೆನ್ನಾಗಿ ಬೇರೆ ಬೇರೆ ಕೇಳುತ್ತವೆ.

ಒಂದು ಕೌಂಟರ್ ಹಲವು ವಿಭಾಗ ನೋಡಬಹುದು. ಆಗ ‘ಮುಂದಿನವರು’ ಅಂದರೆ ಆ ವಿಭಾಗಗಳಲ್ಲಿ ಎಲ್ಲರಿಗಿಂತ ಮೊದಲು ಬಂದವರು ಅಂತ ಅರ್ಥ. ವಿಭಾಗದ ಪಟ್ಟಿಯ ಕ್ರಮದಲ್ಲಿ ಕರೆಯುವ ಹಾಗೆ ಮಾಡಿದರೆ ಪಟ್ಟಿಯ ಕೊನೆಯಲ್ಲಿದ್ದವರು ಸಂಜೆವರೆಗೂ ಕೂತಿರುತ್ತಾರೆ.

ಹಿರಿಯರು, ಅಂಗವಿಕಲರು, ಎಳೆ ಮಗು ಎತ್ತಿಕೊಂಡ ತಾಯಂದಿರಿಗೆ ಆದ್ಯತೆ ಬೇಕೇ ಬೇಕು. ಆದರೆ ‘ಅವರೆಲ್ಲ ಮೊದಲು’ ಅಂದುಬಿಟ್ಟರೆ, ಸೊಸೈಟಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಹಿರಿಯರೇ ಆಗಿರುವಾಗ ಉಳಿದವರ ಸಾಲು ಚಲಿಸುವುದೇ ಇಲ್ಲ. ಅನುಪಾತ ಇಡಿ: ಆದ್ಯತೆಯ ಇಷ್ಟು ಟೋಕನ್ ಆದ ಮೇಲೆ ಒಂದು ಸಾಮಾನ್ಯ ಟೋಕನ್ ಎಂದು. ಆಮೇಲೆ ನೋಡಿಕೊಂಡು ಬದಲಿಸಬಹುದು.

ಕರೆದಾಗ ಇಲ್ಲದವರ ವಿಷಯಕ್ಕೆ ಬರೋಣ. ಮೂರು ಸಲ ಕರೆಯಿರಿ, ನಡುವೆ ಅರ್ಧ ನಿಮಿಷ ಬಿಡಿ. ಬರದಿದ್ದರೆ ಟೋಕನ್ ರದ್ದು ಮಾಡಬೇಡಿ, ‘ತಡೆ’ ಪಟ್ಟಿಗೆ ಹಾಕಿ. ಅದೇ ದಿನ ಯಾವಾಗ ಬಂದರೂ ಈಗ ನಡೆಯುತ್ತಿರುವವರ ನಂತರ ಇಬ್ಬರು ಬಿಟ್ಟು ಅವರ ಸರದಿ. ಪೇಟೆಗೆ ಹೋಗಿ ಬನ್ನಿ ಅಂತ ನಾವೇ ಹೇಳಿ, ಐದು ನಿಮಿಷ ತಡವಾದರೆ ಹೊಸ ಟೋಕನ್ ತಗೊಳ್ಳಿ ಅನ್ನುವುದು ಸರಿಯಲ್ಲ, ಅಲ್ವಾ?

ಒಂದು ಕೆಲಸ ಎರಡು-ಮೂರು ಮೇಜು ದಾಟುವುದೂ ಇದೆ. ಅರ್ಜಿ ಒಂದು ಕಡೆ, ಸಹಿ ಇನ್ನೊಂದು ಕಡೆ, ಕೊನೆಗೆ ಕ್ಯಾಷ್. ಪ್ರತಿ ಮೇಜಿಗೂ ಹೊಸ ಟೋಕನ್ ಕೊಡಬೇಡಿ. ಅದೇ ಸಂಖ್ಯೆ ಮುಂದಿನ ಮೇಜಿನ ಸಾಲಿಗೆ ಹೋಗಲಿ, ಮೂಲ ಸಮಯದ ಜೊತೆಗೇ ಹೋಗಲಿ. ಹಾಗಾದರೆ ಒಂಬತ್ತೂವರೆಗೆ ಬಂದವರು ಕ್ಯಾಷ್ ಸಾಲಿನಲ್ಲಿ ಹನ್ನೊಂದಕ್ಕೆ ಬಂದವರ ಹಿಂದೆ ನಿಲ್ಲಬೇಕಾಗುವುದಿಲ್ಲ.

ಕೊನೆಯ ಟೋಕನ್ ಯಾವಾಗ ನಿಲ್ಲಿಸಬೇಕು? ಗಡಿಯಾರ ನೋಡಿ ಅಲ್ಲ, ಉಳಿದ ಕೆಲಸ ನೋಡಿ. ಮುಚ್ಚಲು 90 ನಿಮಿಷ ಇದೆ, ಎರಡು ಕೌಂಟರ್ ಇದೆ ಅಂದರೆ ಕೈಯಲ್ಲಿ 180 ನಿಮಿಷ. ಸಾಲಿನಲ್ಲಿ ಆಗಲೇ 160 ನಿಮಿಷದ ಕೆಲಸ ಇದ್ದರೆ, ಹತ್ತು ನಿಮಿಷ ಹಿಡಿಯುವ ವಿಮೆ ಅರ್ಜಿ ಇನ್ನು ಎರಡೇ. ಮೂರನೆಯವರಿಗೆ ‘ನಾಳೆ ಬೆಳಿಗ್ಗೆ ಬನ್ನಿ’ ಎಂದು ಆಗಲೇ ಹೇಳಿಬಿಡಿ. ಸಂಜೆ ಐದಕ್ಕೆ ಹೇಳಿಸಿಕೊಳ್ಳುವುದಕ್ಕಿಂತ ಮೂರೂವರೆಗೆ ಹೇಳಿಸಿಕೊಳ್ಳುವುದು ಎಷ್ಟೋ ವಾಸಿ.

ಸರಕಾರಿ ಕೌಂಟರ್ ಆಗಿದ್ದರೆ ಒಂದು ಎಚ್ಚರ. ನಿಮ್ಮ ಟೋಕನ್ ಬೇರೆ, 2011ರ ಸಕಾಲ ಕಾಯ್ದೆಯಡಿ ಅರ್ಜಿಗೆ ಸಿಗುವ 15 ಅಂಕಿಯ ಸಂಖ್ಯೆ ಬೇರೆ. ಟೋಕನ್ ಚೀಟಿಯನ್ನೇ ಸ್ವೀಕೃತಿ ಅಂದುಕೊಂಡು ಜೋಪಾನವಾಗಿ ಇಟ್ಟುಕೊಳ್ಳುವವರಿದ್ದಾರೆ. ‘ಇದು ಸರದಿ ಚೀಟಿ ಮಾತ್ರ’ ಎಂದು ಚೀಟಿಯ ಮೇಲೇ ಅಚ್ಚು ಹಾಕಿ.

ಹಂತ 3: ಸರ್ವರ್ ಎಲ್ಲಿಡಬೇಕು

ಬೆಂಗಳೂರಿನವರು ‘ಎಲ್ಲ ಕ್ಲೌಡ್‌ನಲ್ಲಿ ಹಾಕಿ’ ಅನ್ನುತ್ತಾರೆ. ಆಷಾಢದಲ್ಲಿ ಅವರು ಒಮ್ಮೆ ಘಟ್ಟದ ಮೇಲೆ ಬಂದು ನೋಡಬೇಕು. ಮರ ಬಿದ್ದು ಕರೆಂಟ್ ಹೋಗುತ್ತದೆ, ಫೈಬರ್ ತುಂಡಾಗುತ್ತದೆ, ಮೊಬೈಲ್ ಟವರ್ ಕೂಡ ಬ್ಯಾಟರಿ ಮುಗಿದು ಮಲಗುತ್ತದೆ. ಇಂಟರ್ನೆಟ್ ಹೋದ ಕೂಡಲೇ ಟೋಕನ್ ನಿಂತರೆ ಜನ ಪಾಸ್‌ಬುಕ್ ಗುಡ್ಡೆಗೇ ವಾಪಸ್ ಹೋಗುತ್ತಾರೆ.

ಅದಕ್ಕೇ ಸರ್ವರ್, ಅಂದರೆ ಟೋಕನ್ ಲೆಕ್ಕವೆಲ್ಲ ಇಟ್ಟುಕೊಂಡು ಉಳಿದ ಪರದೆಗಳಿಗೆ ಉತ್ತರ ಕೊಡುವ ಕಂಪ್ಯೂಟರ್, ಕಚೇರಿಯೊಳಗೇ ಇರಲಿ. ಟೋಕನ್ ಕೊಡುವುದು, ಕರೆಯುವುದು, ಟಿವಿಯ ಬೋರ್ಡ್ ತೋರಿಸುವುದು ಎಲ್ಲವೂ ಒಳಗಿನ ನೆಟ್‌ವರ್ಕಿನಲ್ಲೇ ನಡೆಯಲಿ. ಹೊರಗಿನ ಇಂಟರ್ನೆಟ್ ಬೇಕಾಗುವುದು ಮೊಬೈಲಿನಲ್ಲಿ ಸರದಿ ತೋರಿಸುವ ಪುಟಕ್ಕೆ ಮಾತ್ರ. ಅದು ಹೋದರೆ ಅನುಕೂಲ ಒಂದು ಕಡಿಮೆಯಾಯಿತು, ಅಷ್ಟೇ. ಕೆಲಸ ನಿಲ್ಲುವುದಿಲ್ಲ.

ಸರ್ವರಿಗೆ ನನ್ನ ಆಯ್ಕೆ ಹಳೆ ಲ್ಯಾಪ್‌ಟಾಪ್. ಬ್ಯಾಟರಿ ಚೆನ್ನಾಗಿದ್ದರೆ ಅದೇ ಯುಪಿಎಸ್. ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟು ಚಿಕ್ಕ ಕಂಪ್ಯೂಟರ್ ಕೂಡ ಸಾಕು, ಆದರೆ ಒಂದು ತೊಂದರೆ ಇದೆ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಕರೆಂಟ್ ಹೋದರೂ ಓಡುವ ಗಡಿಯಾರ ಇಲ್ಲ. ಮತ್ತೆ ಶುರುವಾದಾಗ ಸಮಯವನ್ನು ಇಂಟರ್ನೆಟ್‌ನಿಂದ ತರಬೇಕು. ಕರೆಂಟ್ ಬಂದು ಇಂಟರ್ನೆಟ್ ಬಂದಿಲ್ಲ ಅಂದರೆ ಅದು ಹಳೆಯ ಸಮಯವನ್ನೇ ಹಿಡಿದು ಹೊರಡುತ್ತದೆ. ಯಾರು ಎಷ್ಟೊತ್ತಿಗೆ ಬಂದರು ಅನ್ನುವ ಲೆಕ್ಕವೆಲ್ಲ ತಪ್ಪುತ್ತದೆ. ಪೈ ಬಳಸುವುದಾದರೆ ಗಡಿಯಾರದ ಚಿಕ್ಕ ಮಾಡ್ಯೂಲ್ ಮತ್ತು ಅದರ ಸೆಲ್ ಸೇರಿಸಿಯೇ ಕೊಳ್ಳಿ.

ರೂಟರಿಗೂ ಚಿಕ್ಕ ಯುಪಿಎಸ್ ಬೇಕು. ಸರ್ವರಿಗೆ ರೂಟರ್‌ನಲ್ಲಿ ಒಂದೇ ನೆಟ್‌ವರ್ಕ್ ವಿಳಾಸ ಕಾಯ್ದಿರಿಸಿ. ಇಲ್ಲದಿದ್ದರೆ ಒಂದು ದಿನ ವಿಳಾಸ ಬದಲಾಗಿ ಟಿವಿ, ಕೌಂಟರ್, ಪ್ರಿಂಟರ್ ಮೂರೂ ‘ಸಂಪರ್ಕ ಇಲ್ಲ’ ಅನ್ನುತ್ತವೆ. ಕೌಂಟರ್‌ಗಳಿಗೆ ವೈಫೈ ಬದಲು ತಂತಿ ಎಳೆದರೆ ಒಳ್ಳೆಯದು. ಕಾರವಾರ, ಅಂಕೋಲಾ, ಕುಮಟಾದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ, ಪ್ರಿಂಟರಿನ ಕತ್ತರಿ ತುಕ್ಕು ಹಿಡಿಯುತ್ತದೆ. ಸಮುದ್ರದ ಕಡೆಯ ಕಿಟಕಿಯ ಪಕ್ಕ ಯಾವ ಯಂತ್ರವನ್ನೂ ಇಡಬೇಡಿ.

ಹಂತ 4: ಒಳಗಿನ ಲೆಕ್ಕ

ತಯಾರಾದದ್ದು ಬೇಕೆಂದರೆ ಫ್ರೀ ಕ್ಯೂ ಮ್ಯಾನೇಜರ್ ಎಂಬ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದ) ತಂತ್ರಾಂಶ ಇದೆ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಹಾಕಿ ನೋಡಿ. ಆದರೆ ಮೇಲಿನ ‘ತಡೆ’ ನಿಯಮ, ಮೇಜಿಂದ ಮೇಜಿಗೆ ಹೋಗುವ ಟೋಕನ್ ಇವೆಲ್ಲ ನಮ್ಮ ಪದ್ಧತಿಯಂತೇ ಬೇಕು ಅಂದರೆ ಸ್ವಂತದ್ದು ಬರೆಯುವುದೂ ಕಷ್ಟದ ಕೆಲಸ ಅಲ್ಲ. ಪಿಎಚ್‌ಪಿ ಅಥವಾ ಪೈಥಾನ್, ಜೊತೆಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಕು. ದಿನಕ್ಕೆ ನಾಲ್ಕೈದು ನೂರು ಟೋಕನ್ ಅದಕ್ಕೆ ಏನೂ ಅಲ್ಲ.

ಮೂರು ಕೋಷ್ಟಕ ಮಾಡಿ. ಒಂದು ಟೋಕನ್‌ಗಳದ್ದು: ದಿನಾಂಕ, ವಿಭಾಗ, ಸಂಖ್ಯೆ, ಆದ್ಯತೆ ಇದೆಯೋ ಇಲ್ಲವೋ, ಈಗಿನ ಸ್ಥಿತಿ, ಈಗಿನ ಕೌಂಟರ್, ಮೊಬೈಲ್ ಪುಟದ ವಿಳಾಸಕ್ಕೆ ಬೇಕಾಗುವ ಒಂದು ಗುಪ್ತ ಕೋಡ್. ಇನ್ನೊಂದು ಕೌಂಟರ್‌ಗಳದ್ದು: ಯಾವ ವಿಭಾಗ ನೋಡುತ್ತದೆ, ತೆರೆದಿದೆಯೋ ಮುಚ್ಚಿದೆಯೋ. ಮೂರನೆಯದು ಘಟನೆಗಳದ್ದು: ಯಾವ ಟೋಕನ್, ಏನಾಯಿತು, ಎಷ್ಟೊತ್ತಿಗೆ. ಈ ಮೂರನೆಯದರಲ್ಲಿ ಏನನ್ನೂ ಅಳಿಸಬೇಡಿ, ಸೇರಿಸುತ್ತಾ ಹೋಗಿ. ‘ನನ್ನನ್ನು ಕರೆಯಲೇ ಇಲ್ಲ’ ಎಂದು ಯಾರಾದರೂ ಜಗಳಕ್ಕೆ ಬಂದಾಗ ಇದೇ ಉತ್ತರ ಕೊಡುತ್ತದೆ.

ಸ್ಥಿತಿಗಳು ಐದು: ಕಾಯುತ್ತಿದೆ, ಕರೆದಿದೆ, ನಡೆಯುತ್ತಿದೆ, ತಡೆ, ಮುಗಿದಿದೆ.

ಎರಡು ಕಡೆ ಹೊಸಬರ ಪ್ರೋಗ್ರಾಂ ಮುಗ್ಗರಿಸುತ್ತದೆ. ಮೊದಲನೆಯದು ಸಂಖ್ಯೆ ಕೊಡುವಾಗ. ‘ಕೊನೆಯ ಸಂಖ್ಯೆ ಎಷ್ಟು ಅಂತ ಓದು, ಒಂದು ಕೂಡಿಸು, ಬರೆ’ ಎಂದು ಮಾಡಿದರೆ, ಇಬ್ಬರು ಒಂದೇ ಕ್ಷಣ ಒತ್ತಿದಾಗ ಇಬ್ಬರಿಗೂ ಕ-27 ಬರುತ್ತದೆ. ಓದುವುದು ಮತ್ತು ಬರೆಯುವುದು ಒಂದೇ ಟ್ರಾನ್ಸಾಕ್ಷನ್, ಅಂದರೆ ನಡುವೆ ಬೇರೆಯವರು ನುಗ್ಗಲಾಗದ ಒಂದೇ ಕೆಲಸ ಆಗಬೇಕು. ಎಸ್‌ಕ್ಯೂಲೈಟ್‌ನಲ್ಲಿ ಅದನ್ನು ‘ಬಿಗಿನ್ ಇಮ್ಮೀಡಿಯೇಟ್’ ಎಂದೇ ಶುರು ಮಾಡಿ, ಆಗ ಎರಡನೆಯವರು ಮೊದಲಿನವರದ್ದು ಮುಗಿಯುವವರೆಗೆ ಕಾಯುತ್ತಾರೆ. ಎಷ್ಟು ಹೊತ್ತು ಕಾಯಬೇಕು ಅನ್ನುವ ಬಿಜಿ ಟೈಮ್‌ಔಟ್ ಎರಡು-ಮೂರು ಸೆಕೆಂಡ್ ಇಡಿ. ಮೇಲೊಂದು ಕಾವಲಾಗಿ ದಿನಾಂಕ, ವಿಭಾಗ, ಸಂಖ್ಯೆ ಮೂರೂ ಸೇರಿ ಎರಡು ಸಲ ಬರಬಾರದು ಎಂಬ ಯುನೀಕ್ ನಿರ್ಬಂಧ ಹಾಕಿ.

ಎರಡನೆಯದು ಕರೆಯುವಾಗ. ಎರಡು ಕೌಂಟರಿನವರು ಒಟ್ಟಿಗೆ ‘ಮುಂದಿನವರು’ ಒತ್ತಿದರೆ ಒಬ್ಬರೇ ಎರಡು ಕಡೆ ಕರೆಸಿಕೊಳ್ಳಬಾರದು. ಟೋಕನ್ನಿನ ಸ್ಥಿತಿ ಬದಲಿಸುವ ಆದೇಶದಲ್ಲೇ ‘ಇದು ಇನ್ನೂ ಕಾಯುತ್ತಿದ್ದರೆ ಮಾತ್ರ’ ಎಂಬ ಷರತ್ತು ಇಡಿ. ಬದಲಾದ ಸಾಲುಗಳ ಸಂಖ್ಯೆ ಸೊನ್ನೆ ಬಂದರೆ ಬೇರೆಯವರು ತೆಗೆದುಕೊಂಡಿದ್ದಾರೆ ಎಂದರ್ಥ, ಅದರ ಮುಂದಿನದಕ್ಕೆ ಹೋಗಿ. ಬಟನ್ ಒತ್ತಿದ ಮೇಲೆ ಎರಡು ಸೆಕೆಂಡ್ ಅದನ್ನು ಮಂಕು ಮಾಡಿ. ಮೌಸ್ ಅನ್ನು ಡಬಲ್ ಕ್ಲಿಕ್ ಮಾಡುವ ರೂಢಿ ನಮ್ಮಲ್ಲಿ ಬಹಳ ಜನಕ್ಕಿದೆ.

ಸಮಯ ವಲಯವನ್ನು ಏಷ್ಯಾ/ಕೋಲ್ಕತಾ ಎಂದು ಇಟ್ಟಿದ್ದೀರಾ ನೋಡಿ. ಇಲ್ಲದಿದ್ದರೆ ಐದೂವರೆ ಗಂಟೆ ಹಿಂದಿರುತ್ತದೆ, ಬೆಳಿಗ್ಗೆ ಹತ್ತಕ್ಕೆ ಬಂದವರ ಚೀಟಿಯಲ್ಲಿ ನಾಲ್ಕೂವರೆ ಅಂತ ಅಚ್ಚಾಗುತ್ತದೆ.

ಹಂತ 5: ಟೋಕನ್ ಕೊಡುವ ಪರದೆ ಮತ್ತು ಚೀಟಿ

ಟ್ಯಾಬ್ಲೆಟ್ ಇಟ್ಟು ‘ನೀವೇ ಒತ್ತಿಕೊಳ್ಳಿ’ ಅನ್ನುವುದಕ್ಕಿಂತ ಮೊದಲ ಕೆಲವು ತಿಂಗಳು ಬಾಗಿಲಲ್ಲಿ ಒಬ್ಬರನ್ನು ಕೂರಿಸಿ. ಕಾರಣ ಟೋಕನ್ ಅಲ್ಲ, ಕಾಗದ ಪತ್ರ. ‘ವಿಮೆಗಾ? ಪಹಣಿ ಇದೆಯಾ? ಆಧಾರ್ ಇದೆಯಾ?’ ಎಂದು ಅಲ್ಲೇ ಕೇಳಿದರೆ, ಒಂದು ಗಂಟೆ ಕಾದು ಕೌಂಟರಿಗೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ. ಯಾವ ಕೆಲಸಕ್ಕೆ ಏನೇನು ಬೇಕು ಅನ್ನುವ ಪಟ್ಟಿಯನ್ನು ಚೀಟಿಯಲ್ಲೂ ಅಚ್ಚು ಹಾಕಿ. ಕಾಯುವವರು ಹೇಗೂ ಅದನ್ನು ಹತ್ತು ಸಲ ಓದುತ್ತಾರೆ.

ಚೀಟಿಯಲ್ಲಿ ಇರಬೇಕಾದ್ದು: ದೊಡ್ಡದಾಗಿ ಸಂಖ್ಯೆ, ವಿಭಾಗ, ಬಂದ ಸಮಯ, ಮುಂದೆ ಎಷ್ಟು ಜನ, ಸುಮಾರು ಎಷ್ಟೊತ್ತಿಗೆ ಸರದಿ, ಒಂದು ಕ್ಯೂಆರ್ ಕೋಡ್. ಬಣ್ಣದ ಲೋಗೋ, ಅಧ್ಯಕ್ಷರ ಫೋಟೋ ಎಲ್ಲ ಬೇಡ.

ಪ್ರಿಂಟರ್ 58 ಮಿಲಿಮೀಟರ್ ಅಗಲದ ಥರ್ಮಲ್ (ಶಾಯಿ ಇಲ್ಲದೆ ಬಿಸಿಯಿಂದ ಅಚ್ಚು ಹಾಕುವುದು) ಆದರೆ ಸಾಕು. ಕನ್ನಡದ ವಿಷಯದಲ್ಲಿ ಒಂದು ಗೊಂದಲ ಇದೆ. ಈ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ನೇರವಾಗಿ ಪಠ್ಯ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳು ಅಥವಾ ಚೌಕಗಳು ಬರುತ್ತವೆ. ಚೀಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು. 58 ಮಿಲಿಮೀಟರ್ ಪ್ರಿಂಟರಿಗೆ ಅಚ್ಚಾಗುವ ಅಗಲ ಸಾಮಾನ್ಯವಾಗಿ 48 ಮಿಲಿಮೀಟರ್, ಅಂದರೆ 384 ಚುಕ್ಕಿ. ಅಷ್ಟೇ ಅಗಲದ ಕಪ್ಪು-ಬಿಳಿ ಚಿತ್ರ ಮಾಡಿ. ಇನ್ನೂ ಸುಲಭದ ದಾರಿ ಬ್ರೌಸರ್‌ನಿಂದಲೇ ಪ್ರಿಂಟ್ ಮಾಡುವುದು, ಆಗ ಅಕ್ಷರ ಜೋಡಿಸುವ ಕೆಲಸ ಬ್ರೌಸರಿನದ್ದು. ಕ್ರೋಮ್ ಅನ್ನು ಕಿಯಾಸ್ಕ್ ಪ್ರಿಂಟಿಂಗ್ ಆಯ್ಕೆಯೊಂದಿಗೆ ಶುರು ಮಾಡಿದರೆ ಪ್ರತಿ ಸಲ ಬರುವ ‘ಪ್ರಿಂಟ್ ಮಾಡಲೇ?’ ಕಿಟಕಿ ಬರುವುದಿಲ್ಲ.

ಕೌಂಟರಿನವರ ಪರದೆಯಲ್ಲಿ ನಾಲ್ಕೇ ಬಟನ್: ಮುಂದಿನವರು, ಮತ್ತೆ ಕರೆ, ತಡೆ, ಬೇರೆ ಮೇಜಿಗೆ. ‘ಮುಂದಿನವರು’ ಒತ್ತಿದರೆ ಹಿಂದಿನದು ತಾನಾಗಿಯೇ ಮುಗಿದಂತೆ ಆಗಲಿ. ‘ಮುಗಿಯಿತು’ ಅಂತ ಬೇರೆ ಬಟನ್ ಇಟ್ಟರೆ ಯಾರೂ ಒತ್ತುವುದಿಲ್ಲ. ಊಟಕ್ಕೆ ಏಳುವಾಗ ಕೌಂಟರ್ ಮುಚ್ಚುವ ಬಟನ್ ಮಾತ್ರ ಮೂಲೆಯಲ್ಲಿ ಬೇಕು, ಸಮಯದ ಅಂದಾಜು ಅದನ್ನೇ ನಂಬಿಕೊಂಡಿರುತ್ತದೆ.

ಹಂತ 6: ಬೋರ್ಡ್ ಮತ್ತು ಧ್ವನಿ

ಟಿವಿ ಪುಟಕ್ಕೆ ಹೊಸ ಮಾಹಿತಿ ತಲುಪಿಸಲು ವೆಬ್‌ಸಾಕೆಟ್, ಸರ್ವರ್-ಸೆಂಟ್ ಇವೆಂಟ್ಸ್, ಪೋಲಿಂಗ್ ಎಂದು ಮೂರು ದಾರಿ. ಐದಾರು ಪರದೆಯ ಕಚೇರಿಗೆ ಪೋಲಿಂಗ್ ಧಾರಾಳ ಸಾಕು: ಪುಟವೇ ಮೂರು ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತದೆ. ರಿಪೇರಿ ಮಾಡುವವರಿಗೂ ಅರ್ಥವಾಗುತ್ತದೆ. ತಕ್ಷಣ ಬದಲಾಗಬೇಕು ಅನ್ನುವ ಹಟ ಇದ್ದರೆ ಸರ್ವರ್-ಸೆಂಟ್ ಇವೆಂಟ್ಸ್ ಒಳ್ಳೆಯದು: ಬದಲಾದ ಕೂಡಲೇ ಸರ್ವರೇ ಪುಟಕ್ಕೆ ತಿಳಿಸುತ್ತದೆ, ಸಂಪರ್ಕ ತಪ್ಪಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ.

ಬೋರ್ಡ್‌ನಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ಸಂಪರ್ಕ ತಪ್ಪಿದರೆ ಟಿವಿ ಕಪ್ಪಾಗುವುದಿಲ್ಲ, ಹಳೆಯ ಸಂಖ್ಯೆಯನ್ನೇ ತೋರಿಸುತ್ತಾ ನಿಲ್ಲುತ್ತದೆ. ಜನ ಅದನ್ನೇ ನಂಬಿ ಕೂರುತ್ತಾರೆ. 15 ಸೆಕೆಂಡ್ ಹೊಸ ಉತ್ತರ ಬರದಿದ್ದರೆ ಮೇಲೆ ಕೆಂಪು ಪಟ್ಟಿಯಲ್ಲಿ ‘ಬೋರ್ಡ್ ನಿಂತಿದೆ, ಕೌಂಟರಿನಲ್ಲಿ ಕೇಳಿ’ ಎಂದು ಬರಲಿ.

ಬೋರ್ಡ್‌ನಲ್ಲಿ ಹೆಸರು ಬೇಡ, ಸಂಖ್ಯೆ ಮತ್ತು ಕೌಂಟರ್ ಸಾಕು. ದವಾಖಾನೆಯಲ್ಲಂತೂ ಯಾರು ಯಾವ ಡಾಕ್ಟರ ಹತ್ತಿರ ಬಂದಿದ್ದಾರೆ ಅನ್ನುವುದು ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಇನ್ನು ಧ್ವನಿ. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಬೋರ್ಡ್‌ಗಿಂತ ಕಿವಿಯೇ ಆಸರೆ. ಬ್ರೌಸರಿಗೆ ಮಾತಾಡುವ ಸೌಲಭ್ಯ ಇದೆ, ಆದರೆ ಕನ್ನಡದ ಧ್ವನಿ ಆ ಯಂತ್ರದಲ್ಲಿ ಇದ್ದರೆ ಮಾತ್ರ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಹಾಕಿಕೊಳ್ಳಬಹುದು, ಎಲ್ಲ ಕಂಪ್ಯೂಟರಿನಲ್ಲೂ ಸಿಗುತ್ತದೆ ಅನ್ನಲಾಗದು. ನನ್ನ ಮಟ್ಟಿಗೆ ರೆಕಾರ್ಡ್ ಮಾಡಿದ ಧ್ವನಿಯೇ ಮೇಲು. ಸಿಬ್ಬಂದಿಯಲ್ಲಿ ಸ್ಪಷ್ಟವಾಗಿ ಮಾತಾಡುವ ಒಬ್ಬರನ್ನು ಫ್ಯಾನ್ ಆರಿಸಿದ ಕೋಣೆಯಲ್ಲಿ ಕೂರಿಸಿ, ಮೊಬೈಲಿನಲ್ಲೇ ರೆಕಾರ್ಡ್ ಮಾಡಿ.

ಆದರೆ ತುಣುಕು ಜೋಡಿಸುವಾಗ ಇಂಗ್ಲಿಷಿನ ಲೆಕ್ಕ ಹಾಕಬೇಡಿ. ‘ಇಪ್ಪತ್ತು’ ಮತ್ತು ‘ಒಂದು’ ಬೇರೆ ಬೇರೆ ರೆಕಾರ್ಡ್ ಮಾಡಿ ಅಂಟಿಸಿದರೆ ‘ಇಪ್ಪತ್ತು ಒಂದು’ ಆಗುತ್ತದೆ, ಇಪ್ಪತ್ತೊಂದು ಆಗುವುದಿಲ್ಲ. ಇಪ್ಪತ್ತೋ ಒಂದೋ ಎಂದು ಇಬ್ಬರು ಎದ್ದು ಬರುತ್ತಾರೆ. 1ರಿಂದ 99ರವರೆಗೆ ಒಂದೊಂದೂ ಪ್ರತ್ಯೇಕ ಹೇಳಿಸಿ. ಅದರ ಮೇಲೆ ‘ನೂರಾ’, ‘ಇನ್ನೂರಾ’, ‘ಮುನ್ನೂರಾ’, ಬಿಡಿಯಾದ ‘ನೂರು’, ‘ಇನ್ನೂರು’, ‘ಮುನ್ನೂರು’, ವಿಭಾಗದ ಅಕ್ಷರಗಳು, ಕೌಂಟರ್‌ಗಳ ಹೆಸರು. ಅರ್ಧ ದಿನದ ಕೆಲಸ. ಕಾರವಾರ, ಅಂಕೋಲಾ ಕಡೆ ಕೊಂಕಣಿಯಲ್ಲೂ ಇನ್ನೊಂದು ಸಲ ರೆಕಾರ್ಡ್ ಮಾಡಿ, ಕನ್ನಡ ಆದ ಮೇಲೆ ಅದು ಬರಲಿ. ಕರೆಯುವ ಮೊದಲು ಒಂದು ‘ಟಿಂಗ್’ ಇರಲಿ, ಮಾತಿನಲ್ಲಿ ಮುಳುಗಿದವರು ಆಗ ತಲೆ ಎತ್ತುತ್ತಾರೆ. ಮಳೆ ಬಿದ್ದಾಗ ತಗಡಿನ ಮಾಡಿನ ಕೆಳಗೆ ಏನೂ ಕೇಳುವುದಿಲ್ಲ, ಆದ್ದರಿಂದ ಸ್ಪೀಕರ್ ಪರೀಕ್ಷೆ ಮಳೆ ಸುರಿಯುವಾಗಲೇ ಮಾಡಿ.

ಬ್ರೌಸರ್‌ಗಳು ಯಾರೂ ಪುಟವನ್ನು ಮುಟ್ಟದೆ ಶಬ್ದ ಮಾಡಲು ಬಿಡುವುದಿಲ್ಲ. ಹಾಗಾಗಿ ಬೋರ್ಡ್ ಪುಟದಲ್ಲಿ ‘ಧ್ವನಿ ಶುರು’ ಎಂಬ ಬಟನ್ ಇಟ್ಟು, ಬೆಳಿಗ್ಗೆ ಬಾಗಿಲು ತೆರೆಯುವವರು ಅದನ್ನು ಒತ್ತುವ ರೂಢಿ ಮಾಡಿ.

ಹಂತ 7: ಮೊಬೈಲ್ ಪುಟ

ಚೀಟಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಒಂದು ಪುಟ ತೆರೆಯಬೇಕು. ‘ಕ-41. ನಿಮ್ಮ ಮುಂದೆ 14 ಜನ. ಸುಮಾರು 30ರಿಂದ 45 ನಿಮಿಷ.’ ಇಷ್ಟೇ.

ಕಚೇರಿಯ ಒಳಗಿನ ಸರ್ವರ್ ವಿಳಾಸ ಪೇಟೆಯಲ್ಲಿರುವವರ ಮೊಬೈಲಿಗೆ ಸಿಗುವುದಿಲ್ಲ. ಹಾಗಂತ ರೂಟರಿನಲ್ಲಿ ಬಾಗಿಲು ತೆರೆದು ಸರ್ವರನ್ನು ಊರಿಗೆಲ್ಲ ತೋರಿಸಬೇಡಿ. ಸರ್ವರ್ ಅರ್ಧ ನಿಮಿಷಕ್ಕೊಮ್ಮೆ ಸರದಿಯ ಸ್ಥಿತಿಯನ್ನು ಮಾತ್ರ ಹೊರಗಿನ ಅಗ್ಗದ ಹೋಸ್ಟಿಂಗಿಗೆ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಜಾಗಕ್ಕೆ) ಕಳಿಸಲಿ. ಮೊಬೈಲ್ ಪುಟ ಅಲ್ಲಿಂದ ಓದಲಿ. ಕೊನೆಯ ಸಲ ಎಷ್ಟೊತ್ತಿಗೆ ಬಂದ ಮಾಹಿತಿ ಅನ್ನುವುದನ್ನೂ ಪುಟ ತೋರಿಸಲಿ. ಪುಟ ಹಗುರ ಇರಬೇಕು: ಚಿತ್ರ ಬೇಡ, ದೊಡ್ಡ ಲೈಬ್ರರಿ ಬೇಡ, ಒಂದೇ ಗೆರೆ ಸಿಗ್ನಲ್ ಇದ್ದರೂ ತೆರೆಯಬೇಕು.

ಪುಟದ ವಿಳಾಸದಲ್ಲಿ ಟೋಕನ್ ಸಂಖ್ಯೆ ಹಾಕಬೇಡಿ, ಹಂತ 4ರಲ್ಲಿ ಹೇಳಿದ ಗುಪ್ತ ಕೋಡ್ ಹಾಕಿ. ಫೋನ್ ನಂಬರ್ ಕೇಳಲೇಬೇಡಿ. ಕೇಳಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಜವಾಬ್ದಾರಿ ನಿಮ್ಮ ತಲೆಗೆ. ಎಸ್‌ಎಂಎಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಸಂಸ್ಥೆಯ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಕ್ಯೂಆರ್ ಪುಟ ಇದ್ದ ಮೇಲೆ ಅಷ್ಟೆಲ್ಲ ಯಾಕೆ?

ಸಮಯದ ಅಂದಾಜು ಹೇಗೆ? ಪ್ರತಿ ವಿಭಾಗದ ಕೊನೆಯ 20 ಕೆಲಸಗಳ ಸರಾಸರಿ ತೆಗೆದುಕೊಳ್ಳಿ. ಹತ್ತು ಸೆಕೆಂಡಿನಲ್ಲಿ ಮುಗಿದದ್ದು ತಪ್ಪಿ ಒತ್ತಿದ್ದು, ಊಟದ ಹೊತ್ತು ದಾಟಿದ್ದು ಮರೆತು ಹೋದದ್ದು. ಅವೆರಡನ್ನೂ ಬಿಡಿ. ಈಗ ಮುಂದೆ 14 ಜನ ಇದ್ದಾರೆ, ಅವರಲ್ಲಿ 9 ಜನರದ್ದು 3 ನಿಮಿಷದ ಪಾಸ್‌ಬುಕ್ ಕೆಲಸ, 5 ಜನರದ್ದು 10 ನಿಮಿಷದ ವಿಮೆ ಅನ್ನಿ. 27 ಮತ್ತು 50 ಸೇರಿ 77 ನಿಮಿಷ. ತೆರೆದ ಕೌಂಟರ್ ಎರಡು, ಹಾಗಾಗಿ ಸುಮಾರು 38. ‘38 ನಿಮಿಷ’ ಎಂದು ತೋರಿಸಬೇಡಿ, ‘30ರಿಂದ 45’ ಅನ್ನಿ. ಹೇಳಿದ್ದಕ್ಕಿಂತ ಬೇಗ ಸರದಿ ಬಂದು ತಪ್ಪಿಹೋದರೆ ಜನಕ್ಕೆ ಜಾಸ್ತಿ ಸಿಟ್ಟು. ಅದಕ್ಕೇ ಪುಟದಲ್ಲಿ ‘ಮುಂದೆ 5 ಜನ ಇರುವಾಗ ಒಳಗೆ ಬನ್ನಿ’ ಎಂಬ ಸಾಲು ದಪ್ಪ ಅಕ್ಷರದಲ್ಲಿರಲಿ.

ಮನೆಯಿಂದಲೇ ಟೋಕನ್ ಪಡೆಯುವ ಸೌಲಭ್ಯ ಕೊಡಬೇಕಾ? ಶುರುವಿನಲ್ಲಿ ಬೇಡ ಎಂದೇ ನನ್ನ ಅಭಿಪ್ರಾಯ. ಬೆಳಿಗ್ಗೆ ಆರಕ್ಕೇ ಪೇಟೆಯವರು ಮೊಬೈಲಿನಲ್ಲಿ ಮೊದಲ ಮೂವತ್ತು ಸಂಖ್ಯೆ ತೆಗೆದುಕೊಂಡುಬಿಡುತ್ತಾರೆ. ನೆಟ್‌ವರ್ಕ್ ಇಲ್ಲದ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರಿಗೆ ಮೂವತ್ತೊಂದನೆಯದು. ಮುಂದೆ ಕೊಡುವುದಾದರೂ ದಿನದ ಟೋಕನ್‌ಗಳಲ್ಲಿ ಒಂದು ಸಣ್ಣ ಪಾಲು, ಅದೂ ಮಧ್ಯಾಹ್ನದ ನಂತರದ ಹೊತ್ತಿಗೆ.

ಹಂತ 8: ಶುರು ಮಾಡುವುದು

ಸಂತೆಯ ದಿನ, ತಿಂಗಳ ಮೊದಲ ವಾರ, ವಿಮೆಯ ಗಡುವು ಯಾವುದೂ ಇಲ್ಲದ ವಾರ ಆರಿಸಿ. ಒಂದೇ ವಿಭಾಗಕ್ಕೆ ಶುರು ಮಾಡಿ. ಮೊದಲ ದಿನಗಳಲ್ಲಿ ‘ನನ್ನದು ಒಂದೇ ಸಹಿ, ಎರಡೇ ನಿಮಿಷ’ ಎಂದು ನೇರ ಕೌಂಟರಿಗೆ ಬರುವವರು ಇರುತ್ತಾರೆ. ಅದು ನಿರ್ದೇಶಕರ ಅಳಿಯನೇ ಆದರೂ ಟೋಕನ್ ತೆಗೆದುಕೊಳ್ಳಲಿ. ಒಬ್ಬರನ್ನು ಬಿಟ್ಟದ್ದನ್ನು ಬೆಂಚಿನವರು ನೋಡಿದರೆ ಅಲ್ಲಿಗೆ ವ್ಯವಸ್ಥೆ ಮುಗಿಯಿತು.

ಎಲ್ಲ ಕೆಟ್ಟು ನಿಂತಾಗ ಏನು? ಡ್ರಾಯರಿನಲ್ಲಿ ಕಾಗದದ ಟೋಕನ್ ಪುಸ್ತಕ ಇರಲಿ, ಸಂಖ್ಯೆ 501ರಿಂದ ಶುರುವಾಗಲಿ. ಕಂಪ್ಯೂಟರ್ ಕೊಟ್ಟ ಸಂಖ್ಯೆಯ ಜೊತೆ ಬೆರೆಯುವುದಿಲ್ಲ. ಯಾರ ಕೈಯಲ್ಲಿ 501ರ ಮೇಲಿನ ಚೀಟಿ ಇದೆಯೋ ಅವರು ಕರೆಂಟ್ ಹೋದ ಮೇಲೆ ಬಂದವರು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಈ ಸಂಖ್ಯೆಗಳನ್ನು ಆಮೇಲೆ ಕೈಯಿಂದ ಸೇರಿಸಲು ಬಾಗಿಲಿನವರ ಪರದೆಯಲ್ಲಿ ಒಂದು ಜಾಗ ಬಿಡಿ.

ಹಂತ 9: ವರದಿ ಓದುವುದು, ನಿರ್ವಹಣೆ

ಒಂದು ತಿಂಗಳಾದ ಮೇಲೆ ಗಂಟೆವಾರು ಪಟ್ಟಿ ತೆಗೆಯಿರಿ. ನಮ್ಮ ಕಡೆಯ ಚಿತ್ರ ಸಾಮಾನ್ಯವಾಗಿ ಬಸ್ಸಿನ ವೇಳಾಪಟ್ಟಿಯನ್ನೇ ಹೋಲುತ್ತದೆ: ಬಸ್ಸು ಬಂದ ಕಾಲು ಗಂಟೆಗೆ ಗುಂಪು, ಆಮೇಲೆ ಖಾಲಿ. ಇಡೀ ದಿನ ಎರಡನೆಯ ಕೌಂಟರ್ ತೆರೆಯಬೇಕಿಲ್ಲ, ಆ ಗುಂಪು ಕರಗುವವರೆಗೆ ತೆರೆದರೆ ಸಾಕು. ಹಂತ 1ರ ಲೆಕ್ಕ ನೆನಪಿಸಿಕೊಳ್ಳಿ, ತುಂಬಿದ ಕೌಂಟರಿಗೆ ಇನ್ನೊಂದು ಕೈ ಸಿಕ್ಕರೆ ಕಾಯುವುದು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಈ ವರದಿಯನ್ನು ‘ಯಾರು ನಿಧಾನ’ ಎಂದು ಸಿಬ್ಬಂದಿಯನ್ನು ಹಿಡಿಯಲು ಬಳಸಬೇಡಿ. ಹಾಗೆ ಮಾಡಿದ ಮರುದಿನದಿಂದಲೇ ಸಂಖ್ಯೆಗಳು ಸುಳ್ಳಾಗುತ್ತವೆ. ಕೆಲಸ ನಡೆಯುತ್ತಿರುವಾಗಲೇ ‘ಮುಂದಿನವರು’ ಒತ್ತಿ ಸರಾಸರಿ ಚೆಂದ ಮಾಡಿಕೊಳ್ಳುವುದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೊತೆಗೆ, ಓದಲು ಬಾರದವರಿಗೆ ಅರ್ಜಿ ತುಂಬಿಕೊಡುವ ಗುಮಾಸ್ತರೇ ಪಟ್ಟಿಯಲ್ಲಿ ಎಲ್ಲರಿಗಿಂತ ನಿಧಾನ ಕಾಣುತ್ತಾರೆ.

ನಿರ್ವಹಣೆ ಹೆಚ್ಚೇನಿಲ್ಲ. ಡೇಟಾಬೇಸಿನ ಪ್ರತಿ ಪ್ರತಿದಿನ ಸಂಜೆ ಪೆನ್‌ಡ್ರೈವಿಗೆ ತಾನಾಗಿ ಹೋಗಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ತೆರೆಯದ ಬ್ಯಾಕಪ್ ಬ್ಯಾಕಪ್ ಅಲ್ಲ. ಪ್ರಿಂಟರ್ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಪೇಪರ್ ರೋಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಥರ್ಮಲ್ ಕಾಗದ ಬಿಸಿಲಿಗೂ ತೇವಕ್ಕೂ ಹಾಳಾಗುತ್ತದೆ. ರೂಟರಿನ ಯುಪಿಎಸ್ ಬ್ಯಾಟರಿ, ಲ್ಯಾಪ್‌ಟಾಪ್ ಬ್ಯಾಟರಿ ಎರಡನ್ನೂ ಮೇ ತಿಂಗಳಲ್ಲೇ ಪ್ಲಗ್ ಕಿತ್ತು ಪರೀಕ್ಷೆ ಮಾಡಿ. ಜೂನ್ ಬಂದ ಮೇಲೆ ಹೊಸ ಬ್ಯಾಟರಿಗೆ ಹುಬ್ಬಳ್ಳಿಗೆ ಹೇಳಿ ಕಳಿಸಿದರೆ, ಅದು ಬರುವುದರೊಳಗೆ ವಿಮೆಯ ಗಡುವೇ ಮುಗಿದಿರುತ್ತದೆ.